ಲವಂಗದ ಹಾಳೆ ಬೂಷ್ಟಿಗೆ ಕೊಟ್ಟ ಮಾತು

ಬಸಲಿಂಗವ್ವ ಹೋಳಿಗೆಗಳನ್ನು ಆರಲು ಬಿಡದೆ ಎರಡು ಕಟ್ಟು ಕಟ್ಟಿ ಕಪಾಟಿನಲ್ಲಿಟ್ಟಳು. ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದಳು, ಇನ್ನೊಂದನ್ನು ಮೆಕ್ಕೆಜೋಳದ ಗಂಜಿಗೆ ಲವಂಗದೆಣ್ಣೆ ಬೆರೆಸಿ ಮಾಡಿದ ಹೊಸ ಹಾಳೆಯಲ್ಲಿ.

"ಮಣ್ಣಿಗೆ ಬಿದ್ದರೆ ತಿಂಗಳೊಳಗೆ ಕರಗಿಹೋಗುವ ಜೀವ ನಿನ್ನದು. ನೀನೂ ಒಂದು ಕಾವಲೇ?" ಎಂದು ಕವರು ನಕ್ಕಿತು.

ಹಾಳೆಗೆ ಒಳಗೊಳಗೇ ಅಳುಕಾಯಿತು. ಆದರೂ ಹೋಳಿಗೆಯನ್ನು ಬಿಗಿಯಾಗಿ ಅಪ್ಪಿಕೊಂಡಿತು.

ಮೂರನೆಯ ದಿನ ಬೂಷ್ಟು ತಲೆಯೆತ್ತಿತು. ಕವರಿನೊಳಗೆ ಹಬೆ ನೀರಾಗಿ ನಿಂತಿತ್ತು, ಬೂಷ್ಟನ್ನು ತಡೆಯುವವರೇ ಇರಲಿಲ್ಲ; ಅದು ಹೋಳಿಗೆಯ ತುಂಬ ಹಬ್ಬಿತು. ಹಾಳೆಯ ಕಟ್ಟಿನಲ್ಲಿ ಮಾತ್ರ ಲವಂಗದ ಘಾಟು ಅದರ ಮೂಗಿಗೆ ಹೊಡೆಯಿತು.

"ಜಾಗ ಬಿಡು, ಹಸಿದಿದ್ದೇನೆ," ಎಂದಿತು ಬೂಷ್ಟು.

"ಈಗ ಬಿಡಲಾರೆ. ಹೋಳಿಗೆ ಮುಗಿಯಲಿ, ನನ್ನ ಘಾಟೂ ಆರಲಿ. ಆಮೇಲೆ ತಿಪ್ಪೆಗೆ ಬಾ, ನಾನೇ ನಿನಗೆ ಊಟವಾಗುತ್ತೇನೆ."

ಬೂಷ್ಟು ಸೀನುತ್ತ ಹಿಂದೆ ಸರಿಯಿತು.

ಬಸಲಿಂಗವ್ವ ಮೂಗು ಮುಚ್ಚಿಕೊಂಡು ಕವರನ್ನು ಹೋಳಿಗೆಸಮೇತ ತಿಪ್ಪೆಗೆ ಎಸೆದಳು. ಹಾಳೆಯಲ್ಲಿದ್ದ ಹೋಳಿಗೆಯನ್ನು ಮನೆಮಂದಿಯೆಲ್ಲ ತುಪ್ಪ ಹಾಕಿಕೊಂಡು ತಿಂದರು. ಬರಿದಾದ ಹಾಳೆಯೂ ತಿಪ್ಪೆ ಸೇರಿತು, ಘಾಟು ಆರಿದ ದಿನ ತಾನೇ ಬೂಷ್ಟನ್ನು ಕೂಗಿ ಕರೆಯಿತು.

"ಕೊನೆಗೂ ಸೋತೆಯಲ್ಲ!" ಎಂದು ಪಕ್ಕದಲ್ಲಿದ್ದ ಕವರು ಹಂಗಿಸಿತು.

ಬೂಷ್ಟು ಊಟದ ನಡುವೆಯೇ ತಿರುಗಿತು. "ಇದು ಸೋತಿದ್ದರೆ ನಾನು ಇದರ ಹೋಳಿಗೆಯನ್ನೂ ತಿನ್ನುತ್ತಿದ್ದೆ. ಇದು ಗೆದ್ದು, ಗೆದ್ದ ಮೇಲೆ ನನ್ನನ್ನು ಊಟಕ್ಕೆ ಕರೆದಿದೆ. ನಿನ್ನನ್ನೋ, ಹಸಿದವರೂ ಮುಟ್ಟುವುದಿಲ್ಲ."

ಮೊದಲ ಮಳೆಗೆ ಹಾಳೆ ಕರಗಿದ ಜಾಗದಲ್ಲೇ ಕುಂಬಳದ ಬಳ್ಳಿಯೊಂದು ಎದ್ದಿತು. ಕವರನ್ನು ತುಳಿದುಕೊಂಡೇ ಹೋಗಿ ಬೇಲಿ ಹತ್ತಿ ಹೂ ಬಿಟ್ಟಿತು.