ಐಸ್ ಪ್ಲಾಂಟಿನ ಕಬ್ಬಿಣದ ಮುಚ್ಚಳ

ಮೀನುಗಾರಿಕಾ ಬಂದರಿನ ಹತ್ತಿರ ವಾಮನ ಸಾಲಿಯಾನರ ಐಸ್ ಪ್ಲಾಂಟ್ ಇತ್ತು. ಅಲ್ಲಿಗೆ ಹನ್ನೊಂದು ಸಾವಿರ ವೋಲ್ಟಿನ ಕರೆಂಟು ನೆಲದಡಿಯ ದಪ್ಪ ಕೇಬಲ್ಲಿನಲ್ಲಿ ಬರುತ್ತಿತ್ತು. ಅದನ್ನು ಕಾಯಲು ಗೋಡೆಯ ಮೇಲೆ ಗಾಜಿನ ಮುಖದ ಒಂದು ರಿಲೇ. ಕರೆಂಟು ಸ್ವಲ್ಪ ಮಣ್ಣಿಗೆ ಸೋರಿದರೂ ಸಾಕು, ಅದರೊಳಗಿನ ತಟ್ಟೆ ತಿರುಗಿ ಲೈನು ಕಡಿದುಬಿಡುತ್ತಿತ್ತು.

ಒಂದು ಬೆಳಿಗ್ಗೆ ರಿಲೇ ಮೇಲಿಂದ ಮೇಲೆ ಲೈನು ಕಡಿಯಿತು. ಮೋಟಾರು ನಿಂತು ಐಸ್ ಕರಗತೊಡಗಿತು. ಗೇಟಿನಲ್ಲಿ ದೋಣಿಯವರ ಕೂಗಾಟ.

ಸಾಲಿಯಾನರು ಎಲೆಕ್ಟ್ರಿಷಿಯನ್ ಪ್ರಮೀಳಾಳ ಮುಂದೆ ಕಸ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿ ಹಿಡಿದರು. ರಿಲೇಯೊಳಗಿನ ತಟ್ಟೆಗೆ ಕಡ್ಡಿ ಸಿಕ್ಕಿಸಿದರೆ ತಟ್ಟೆ ತಿರುಗುವುದಿಲ್ಲ, ಲೈನೂ ಕಡಿಯುವುದಿಲ್ಲ. ಹಿಂದೆ ಇದ್ದವರು ಹಾಗೇ ಮಾಡುತ್ತಿದ್ದರಂತೆ.

"ಸಿಕ್ಕಿಸು ಮಾರಾಯ್ತಿ. ಇದಕ್ಕೆ ಬರೀ ಹೆದರಿಕೆ ರೋಗ."

ಪ್ರಮೀಳಾ ಕಡ್ಡಿ ಮುಟ್ಟದೆ ಅಂಗಳದ ಕಡೆ ಕೈ ತೋರಿಸಿದಳು. "ಆಯ್ತು ಧನಿಗಳೇ. ಆದ್ರೆ ನಾನು ಲೈನು ಹಾಕುವಾಗ ನೀವು ಅಂಗಳದ ಆ ಕಬ್ಬಿಣದ ಮುಚ್ಚಳದ ಮೇಲೆ ಕೂತಿರ್ಬೇಕು."

ಕೇಬಲ್ಲಿನ ಜೋಡಣೆ ಇರುವ ಗುಂಡಿಯ ಮುಚ್ಚಳ ಅದು; ಕರೆಂಟು ಸೋರಿದರೆ ಮೊದಲು ಅಲ್ಲೇ. ಮೀನು ಮಾರುವ ಸುಮತಿಯಕ್ಕ ದಿನಾ ಐಸಿಗೆ ಕಾಯುತ್ತಾ ಕೂರುವುದು ಅಲ್ಲೇ. ಈಗಲೂ ಬುಟ್ಟಿ ಪಕ್ಕಕ್ಕಿಟ್ಟು ಕೂತಿದ್ದರು. ಮಾತು ಅವರ ಕಿವಿಗೂ ಬಿತ್ತು.

"ಬನ್ನಿ ಧನಿಗಳೇ, ಜಾಗ ಬಿಡ್ತೇನೆ. ಪ್ಯಾಂಟಿಗೆ ಮೀನಿನ ವಾಸನೆ ಹಿಡಿದ್ರೆ ನನ್ನನ್ನು ಬಯ್ಯಬೇಡಿ, ಆಯ್ತಾ!"

ಸಾಲಿಯಾನರು ನಗುತ್ತಲೇ ಹೋದರು. ಮುಚ್ಚಳದ ಸುತ್ತ ನೆಲ ಒದ್ದೆಯಾಗಿತ್ತು. ಅವರ ಕಾಲು ತಾನಾಗಿ ಹಿಂದೆ ಸರಿಯಿತು. ನಗು ನಿಂತಿತು.

"ನಾನು ಕೂರುವುದಿಲ್ಲ," ಎಂದರು. ಆಮೇಲೆ ಸುಮತಿಯಕ್ಕನ ಮುಖ ನೋಡಿದರು. "ನೀವೂ ಏಳಿ ಅಕ್ಕ. ಬೇಗ."

ಲೈನನ್ನು ಪೂರ್ತಿ ಬಂದ್ ಮಾಡಿಸಿ ಮುಚ್ಚಳ ತೆಗೆದರು. ಗುಂಡಿಯ ತುಂಬ ಉಪ್ಪುನೀರು! ಚರಂಡಿ ದೂರವೆಂದು ಕೆಲಸದವರು ಐಸ್ ಕಟ್ಟಿಸುವ ತೊಟ್ಟಿಯ ಉಪ್ಪುನೀರನ್ನು ಇಲ್ಲಿಗೇ ಬಿಡುತ್ತಿದ್ದರು. ಜೋಡಣೆಯ ಹೊದಿಕೆ ಬಿರಿದು ನೀರು ಒಳಗಿಳಿದಿತ್ತು.

ನೀರು ಖಾಲಿ ಮಾಡಿ ಹೊಸ ಜೋಡಣೆ ಹಾಕಿಸಿದರು. ಸಂಜೆ ಪ್ರಮೀಳಾ ಲೈನು ಹಾಕಿದಳು. ಎಲ್ಲರ ಕಣ್ಣೂ ರಿಲೇಯ ಮೇಲೆ. ತಟ್ಟೆ ಕದಲಲಿಲ್ಲ. ಮೋಟಾರು ಗುಂಯ್ ಎಂದಿತು. ಸಾಲಿಯಾನರು ದೊಡ್ಡದಾಗಿ ಉಸಿರು ಬಿಟ್ಟು, ಕೈಯಲ್ಲೇ ಉಳಿದಿದ್ದ ಕಡ್ಡಿಯನ್ನು ಮುರಿದು ಎಸೆದರು.

"ಇನ್ನು ನಾನು ಎಲ್ಲಿ ಕೂರುವುದು?" ಸುಮತಿಯಕ್ಕ ಅಂಗಳದಿಂದ ಕೂಗಿದರು.

"ನನ್ನ ಕುರ್ಚಿ ತರಿಸ್ತೇನೆ, ಅಲ್ಲೇ ಇರಿ!" ಎಂದರು ಸಾಲಿಯಾನರು.

ನೀತಿ: ಎಚ್ಚರಿಸುವ ಬಾಯಿಯನ್ನು ಮುಚ್ಚಿಸಿದರೆ ಅಪಾಯ ಹೋಗುವುದಿಲ್ಲ. ನಾವು ಕೂರಲು ಹೆದರುವ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲೂಬಾರದು.