ಸೊಪ್ಪಿನ ಮಡಿಗೆ ಮುಳ್ಳುಬೇಲಿ

"ಗುರುಗಳೇ, ಒಂದೇ ಮನೆ, ಒಂದೇ ಒಲೆಯ ಅಡುಗೆ. ಆದರೂ ಒಬ್ಬರಿಗೆ ಮಾತ್ರ ಮೈಯಲ್ಲಿ ರಕ್ತ ಸಾಲದೆಂದರೆ ಅದು ಅವರ ಹಣೆಬರಹವಲ್ಲದೆ ಮತ್ತೇನು?" ಎಂದು ಶಿಷ್ಯ ಬೊಮ್ಮಯ್ಯ ಕೇಳಿದ.

ಅವನ ಅತ್ತಿಗೆ ಬಸುರಿ. ನಾಲ್ಕು ಹೆಜ್ಜೆ ನಡೆದರೆ ಅವಳಿಗೆ ಕಣ್ಣು ಕತ್ತಲಿಡುತ್ತಿತ್ತು. ಕಬ್ಬಿಣ, ಸತು ಸೇರಿಸಿದ ಗೊಬ್ಬರ ಹಾಕಿ ಅವನ ಮನೆಯವರು ಹಿತ್ತಲಲ್ಲಿ ದಂಟಿನ ಸೊಪ್ಪು ಬೆಳೆಯುತ್ತಿದ್ದರು. ಆ ದಿನ ಕೊಯ್ದ ಎಳೆಯ ಸೊಪ್ಪಿನ ಕಟ್ಟನ್ನು ಬೊಮ್ಮಯ್ಯ ಗುರುಗಳ ಮುಂದೆ ಇಟ್ಟಿದ್ದ.

ಗುರುಗಳು ಕಟ್ಟನ್ನು ಮುಟ್ಟಲಿಲ್ಲ. ಕತೆ ಹೇಳಿದರು.

ಒಬ್ಬ ರೈತನಿದ್ದ. ಎಲೆಯ ಬಣ್ಣ ನೋಡಿ ಮಣ್ಣಿನ ಕೊರತೆ ಹೇಳಬಲ್ಲವನು. ಎಲೆ ಹಳದಿಯಾದರೆ ಅವನು ಗಿಡವನ್ನು ಬೈಯುತ್ತಿರಲಿಲ್ಲ. ಮಣ್ಣಿಗೆ ಏನು ಸಾಲದು ಎಂದು ಹುಡುಕುತ್ತಿದ್ದ. ಊರಿನ ಹೆಂಗಸರು, ಮಕ್ಕಳು ಸೊರಗುತ್ತಿದ್ದುದನ್ನು ಕಂಡ ಬಲ್ಲವರು, "ಮಣ್ಣಿಗೆ ಕಬ್ಬಿಣ, ಸತು ಕೊಡಿ. ಮಣ್ಣಿಗೆ ಕೊಟ್ಟದ್ದು ಸೊಪ್ಪಿಗೆ ಬರುತ್ತದೆ, ಸೊಪ್ಪಿನಲ್ಲಿರುವುದು ಉಂಡವರ ಮೈಗೆ ಬರುತ್ತದೆ" ಎಂದರು. ರೈತ ಅಳತೆ ತಪ್ಪದೆ ಕೊಟ್ಟ. ಸೊಪ್ಪು ಕಡುಹಸುರಾಗಿ ಬಂತು.

ಸೊಪ್ಪಿನ ಮಡಿಗೆ ನೀರು ಹೊತ್ತವಳು, ಸೊಪ್ಪು ಕೊಯ್ದು ಬೇಯಿಸಿದವಳು ಅವನ ಬಸುರಿ ಸೊಸೆ. ಗಂಡಸರು ಉಂಡರು, ಬಂದ ನೆಂಟರು ಉಂಡರು, ಅತ್ತೆ ಉಂಡಳು. ಕೊನೆಗೆ ಕೂತ ಸೊಸೆಗೆ ಮುದ್ದೆಯ ಜೊತೆ ನೆಂಚಿಕೊಳ್ಳಲು ಉಪ್ಪು, ಮೆಣಸಿನಕಾಯಿ ಉಳಿಯುತ್ತಿತ್ತು. ಅವಳ ಮುಖ ಬಿಳಿಚಿಕೊಂಡಿತು. ಎಲೆಯ ಹಳದಿಯನ್ನು ದೂರದಿಂದಲೇ ಕಾಣುವವನಿಗೆ ಆ ಮುಖದ ಬಿಳುಪು ಕಾಣಲಿಲ್ಲ. "ಒರಗೋದಕ್ಕೆ ಕಂಬ ಹುಡುಕುತ್ತಾಳೆ. ನಮ್ಮವ್ವ ನನ್ನನ್ನು ಹೆತ್ತ ದಿನವೂ ರಾಗಿ ಬೀಸಿದವಳು" ಎಂದು ಸೊಸೆಗೆ ಕೇಳುವಂತೆ ಹೆಂಡತಿಗೆ ಹೇಳುತ್ತಿದ್ದ.

ಒಂದು ಬೆಳಿಗ್ಗೆ ಸೊಸೆ ಮಡಿಯ ಅಂಚಿನಲ್ಲಿ ಕೂತು ಹಸಿಮಣ್ಣು ತಿನ್ನುತ್ತಿದ್ದಳು. ರೈತ ಕಂಡ. ಅವನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು.

"ನನ್ನ ಮನೇಲಿ ಅನ್ನಕ್ಕೆ ಬರ ಬಂದಿದೆಯೇನಮ್ಮ? ನೋಡಿದವರು ಏನಂದಾರು?"

ಸೊಸೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಯಾಕೋ ತಡೆಯೋಕಾಗಲಿಲ್ಲ ಮಾವಯ್ಯ. ಈ ಮಡಿಯದು ಬೇರೇನೂ ನನ್ನ ಬಾಯಿಗೆ ಬಿದ್ದಿಲ್ಲ."

ಅವಳ ಮಾತು ಅವನ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಅಂದೇ ಮಡಿಯ ಸುತ್ತ ಮುಳ್ಳುಬೇಲಿ ಕಟ್ಟಿ, ಸೊಪ್ಪು ಕೊಯ್ಯುವ ಕೆಲಸವನ್ನು ಹೆಂಡತಿಗೆ ಒಪ್ಪಿಸಿದ.

ಹೆರಿಗೆಯಲ್ಲಿ ರಕ್ತ ಹೋಗಿ ಸೊಸೆ ತೀರಿಕೊಂಡಳು. ಹೋದದ್ದು ಹೆಚ್ಚಲ್ಲ, ಅವಳಲ್ಲಿ ಇದ್ದದ್ದೇ ಕಡಿಮೆ. ಹೂಳುವಾಗ ಎಲ್ಲರಂತೆ ರೈತನೂ ಬಗ್ಗಿ ಅವಳ ಮೇಲೆ ಒಂದು ಹಿಡಿ ಮಣ್ಣು ಹಾಕಿದ. "ಅವಳ ಹಣೆಬರಹ" ಎಂದ. ಆ ಮಣ್ಣಿಗೆ ಬೇಲಿ ಇರಲಿಲ್ಲ.

ಕತೆ ಮುಗಿಸಿದ ಗುರುಗಳು ಸೊಪ್ಪಿನ ಕಟ್ಟನ್ನು ಬೊಮ್ಮಯ್ಯನ ಕಡೆಗೆ ತಳ್ಳಿದರು.

"ಎಳೆಯ ಸೊಪ್ಪನ್ನು ನನಗೆ ತಂದಿದ್ದೀಯಲ್ಲ, ನಿನ್ನ ಅತ್ತಿಗೆಯ ತಟ್ಟೆಗೆ ಏನು ಬಿಟ್ಟು ಬಂದೆ?"