ಹುಳು ತಿಂದ ಪದ

ತುಂಗಭದ್ರೆಯ ದಂಡೆಯ ಮಠವೊಂದರಲ್ಲಿ ಘೋರ ಅನಾಹುತವಾಯಿತು. ಹುಳುವೊಂದು ಒಂದು ಪದವನ್ನು ತಿಂದುಬಿಟ್ಟಿತು.

ಆ ತಾಳೆಗರಿಯ ಗ್ರಂಥದಲ್ಲಿ ಹುಳುವಿಗೆ ಬೇರೆ ಪದಗಳು ಬೇಕಾದಷ್ಟಿದ್ದವು. ಅದು ಕೊನೆಯ ಗರಿಗೆ ಹೋಗಿ, ‘ಪರವಸ್ತು ಎಂಬುದು ಇಂಥದ್ದು’ ಎಂದು ಹೇಳುವ ವಾಕ್ಯವನ್ನು ಹುಡುಕಿ, ‘ಇಂಥದ್ದು’ ಏನೆಂಬುದನ್ನಷ್ಟೇ ತಿಂದಿತ್ತು.

ಗ್ರಂಥವನ್ನು ಪ್ರತಿ ಮಾಡುತ್ತಿದ್ದವನು ಸಿಂಗಣ. ಹನ್ನೆರಡು ವರ್ಷ ವ್ಯಾಕರಣ ಓದಿದವನು. ಮರುದಿನ ಆ ಪ್ರತಿ ಹಿಡಿದು ದೂರದ ಅಗ್ರಹಾರಕ್ಕೆ ಪಾಠ ಹೇಳಲು ಹೊರಡಬೇಕಿತ್ತು. ಗುರುಗಳಾದ ಮಾದಣ ಭಟ್ಟರ ಮುಂದೆ ಬಂದು ಕೂತ.

“ಊಟ ಮಾಡಿದೆಯೇನೋ?” ಅಂದರು ಭಟ್ಟರು.

“ಇಲ್ಲ. ಮೂರು ದಿನದಿಂದ ಈ ಜಾಗಕ್ಕೆ ಪದ ಹುಡುಕುತ್ತಿದ್ದೇನೆ.”

“ಸಿಕ್ಕಿತೇ?”

“ಹೆಸರು ಹಾಕಿದರೆ, ಅದಲ್ಲದ್ದು ಇನ್ನೊಂದು ಇದೆ ಎಂದಾಗುತ್ತದೆ. ಗುಣ ಹಾಕಿದರೆ ವಸ್ತು ಬೇರೆ, ಗುಣ ಬೇರೆ ಎಂದಾಗುತ್ತದೆ. ಕ್ರಿಯಾಪದ ಹಾಕಿದರೆ ಕಾಲ ಬಂದು ಕೂರುತ್ತದೆ. ನಿನ್ನೆ ಇತ್ತೇ, ನಾಳೆ ಇರುತ್ತದೆಯೇ ಅಂತ.”

“ಪಾಪ. ಹುಳುವಿಗೆ ಇಷ್ಟು ಕಷ್ಟವಾಗಿರಲಿಕ್ಕಿಲ್ಲ.”

“ನಗಬೇಡಿ ಗುರುಗಳೇ. ಅಲ್ಲಿನ ಹುಡುಗರು ಈ ವಾಕ್ಯಕ್ಕೆ ಬಂದು ಮುಂದೇನು ಅನ್ನುತ್ತಾರೆ. ನಾನು ಬಾಯಿ ಬಾಯಿ ಬಿಡಬೇಕು. ಮಾದಣ ಭಟ್ಟರ ಶಿಷ್ಯನಿಗೆ ಏನೂ ಬರುವುದಿಲ್ಲ ಎಂದಾಗುತ್ತದೆ.”

“ಅದು ನನಗೆ ಮೊದಲೇ ಗೊತ್ತಿತ್ತಲ್ಲ. ಎಲ್ಲಿ, ನಿನ್ನ ಪ್ರತಿ ಕೊಡು.”

ಪದಕ್ಕೆಂದು ಸಿಂಗಣ ಖಾಲಿ ಬಿಟ್ಟಿದ್ದ ಜಾಗವನ್ನು ಭಟ್ಟರು ನೋಡಿದರು. ಬರೆಯುವ ಕಂಟದ ಮೊನೆಯನ್ನು ಅಲ್ಲಿ ಊರಿ, ಮೆಲ್ಲಗೆ ತಿರುಗಿಸುತ್ತ, ಹುಳು ಕೊರೆದಷ್ಟೇ ದೊಡ್ಡ ತೂತು ಕೊರೆದರು.

ಸಿಂಗಣ ತಡೆಯಲು ಕೈ ಚಾಚಿದ. “ಆರು ತಿಂಗಳ ಕೆಲಸ, ಗುರುಗಳೇ.”

“ಪ್ರತಿ ಅಂದಮೇಲೆ ಮೂಲದಲ್ಲಿ ಇದ್ದಂತೆ ಇರಬೇಕು.”

ಆಮೇಲೆ ಗರಿಯನ್ನೆತ್ತಿ ಕಣ್ಣಿಗೆ ಹಿಡಿದು, ತೂತಿನೊಳಗಿಂದ ಸಿಂಗಣನನ್ನು ನೋಡುತ್ತ ಹೇಳಿದರು: “ಪರವಸ್ತು ಎಂಬುದು...”

ಅಲ್ಲಿಗೇ ನಿಂತರು. ನೋಡುತ್ತಲೇ ಇದ್ದರು.

ಸಿಂಗಣನಿಗೆ ಒಂದು ಥರ ಆಯಿತು. “ಏನು ಕಾಣುತ್ತಿದೆ ಗುರುಗಳೇ?”

“ನೀನು ಕಣೋ. ಅಲ್ಲಿ ಪದ ಇದ್ದಿದ್ದರೆ ಕಾಣುತ್ತಿರಲಿಲ್ಲ.”

ಭಟ್ಟರು ಗರಿಯನ್ನು ಅವನ ಕೈಗಿಟ್ಟರು.

“ಹುಡುಗರು ಕೇಳಿದಾಗ ಹೀಗೇ ಹಿಡಿದು ನೋಡು. ಒಬ್ಬೊಬ್ಬರನ್ನೇ. ಅವಸರ ಮಾಡಬೇಡ. ಈಗ ಎದ್ದು ಊಟ ಮಾಡು.”

ಸಿಂಗಣ ಊಟ ಮಾಡಿದ. ಬೆಳಗ್ಗೆ ಹೊರಟ. ಆ ಅಗ್ರಹಾರದಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದ. ತೂತು ಹಾಗೇ ಇತ್ತು.